ಗುರುಪಾದಪ್ಪನ ಗಂಟಲು

ಒದೆಯುವ ಹಸು ಬಂದರೆ ಗುರುಪಾದಪ್ಪನನ್ನು ಕರೆಯಿರಿ ಎನ್ನುವುದು ನಮ್ಮ ದನದ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಅವನು ಬರುವವರೆಗೆ ಡಾಕ್ಟರು ಕೂಡ ಸೂಜಿ ಹಿಡಿದುಕೊಂಡು ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದರು. ಅವನು ಬಂದು ಹಸುವಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ಅಂಗೈಯಿಂದ ನಾಲ್ಕು ಸಲ ನೀವಿ, "ಏ ನಮ್ಮವ್ವಾ, ಏನಾಗಂಗಿಲ್ಲ, ನಿಂದ್ರು" ಎಂದರೆ ಅದು ಕಿವಿ ಇಳಿಬಿಟ್ಟು ನಿಂತುಬಿಡುತ್ತಿತ್ತು. ಆಮೇಲೆ ಸೂಜಿ ಚುಚ್ಚಿದರೂ ಚರ್ಮ ಅದುರಿಸುವುದಷ್ಟೇ.

ಅವನ ಊರು ನರಗುಂದದ ಹತ್ತಿರ. ಅಟೆಂಡರ್ ಕೆಲಸ ಸಿಕ್ಕಿ ಹೆಂಡತಿ ಚನ್ನಕ್ಕ, ಮಗಳು ನೀಲಾಳೊಂದಿಗೆ ಬೆಂಗಳೂರಿಗೆ ಬಂದದ್ದು ೧೯೭೧ರಲ್ಲಿ. ಗಂಗಾನಗರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಅಲ್ಲಿಂದ ಹೆಬ್ಬಾಳದ ಕಡೆಗೆ ಹತ್ತು ನಿಮಿಷ ನಡೆದರೆ ನಮ್ಮ ಆಸ್ಪತ್ರೆ. ಹೆಂಚಿನ ಕಟ್ಟಡ, ಮುಂದೆ ಹುಣಸೆ ಮರ, ಹಿಂದೆ ಮೇವಿನ ಕೊಟ್ಟಿಗೆ. ನಾನು ಪಂಚಪ್ಪ, ಅಲ್ಲಿ ಕಾಂಪೌಂಡರ್. ಇನ್ನೊಬ್ಬ ಅಟೆಂಡರ್ ಶೆಟ್ಟಿಹಳ್ಳಿಯ ಚಿಕ್ಕಹನುಮಯ್ಯ. ಎತ್ತರದ ಆಳು, ಬಾಯಿ ತುಂಬ ಎಲೆಅಡಿಕೆ. ಗುರುಪಾದಪ್ಪನ ಮಾತನ್ನು ಅಣಕಿಸಿ ನಗುವುದೇ ಅವನಿಗೆ ಆಟ. ಇವನು "ಹೌದ್ರಿ" ಎಂದರೆ ಅವನೂ "ಹೌದ್ರೀ" ಎಂದು ರಾಗ ಎಳೆಯುತ್ತಿದ್ದ. ಮಧ್ಯಾಹ್ನ ಮಾತ್ರ ಇಬ್ಬರೂ ಬುತ್ತಿ ಬದಲಾಯಿಸಿಕೊಳ್ಳುತ್ತಿದ್ದರು. ಇವನ ರೊಟ್ಟಿ ಅವನಿಗೆ, ಅವನ ಮುದ್ದೆ ಇವನಿಗೆ.

೧೯೭೬ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹೆಬ್ಬಾಳದವರೊಬ್ಬರು ಸೀಮೆಹಸು ಹೊಡೆದುಕೊಂಡು ಬಂದರು. ಎರಡು ದಿನದಿಂದ ಮೇವಿಲ್ಲ, ನೀರಿಲ್ಲ. ಬಾಯಿಂದ ಜೊಲ್ಲು ದಾರದ ಹಾಗೆ ನೆಲ ಮುಟ್ಟುತ್ತಿತ್ತು. ಗಂಟಲಿನಿಂದ ಒಂದು ವಿಚಿತ್ರ, ಒಡಕು ಸ್ವರ. ಡಾಕ್ಟರು ಯಲಹಂಕದ ಕಡೆ ಲಸಿಕೆ ಹಾಕಲು ಹೋಗಿದ್ದರು, ಸಂಜೆಗೆ ಬರುವವರು. ನಾನು ಹಸುವನ್ನು ನೋಡಿ, "ಆಲೂಗಡ್ಡೆಯೋ ಏನೋ ಗಂಟಲಲ್ಲಿ ಸಿಕ್ಕಿಕೊಂಡಿರಬೇಕು ಕಣ್ರೋ, ಕೈ ಹಾಕಿ ನೋಡಿ" ಎಂದೆ. ಹಾಗೆ ಹೇಳಿದವನು ನಾನು. ಇದನ್ನು ಇಲ್ಲೇ ಬರೆದಿಡುತ್ತೇನೆ.

ಗುರುಪಾದಪ್ಪ ಹಸುವಿನ ತಲೆಯನ್ನು ತನ್ನ ಎದೆಗೆ ಅವಚಿ ಹಿಡಿದು ದವಡೆ ಅಗಲಿಸಿದ. ಚಿಕ್ಕಹನುಮಯ್ಯ ಮೊಣಕೈವರೆಗೆ ಕೈ ತೂರಿಸಿದ. ನಾನು ಬ್ಯಾಟರಿ ಹಿಡಿದಿದ್ದೆ. ಏನೂ ಸಿಗಲಿಲ್ಲ. ಕೈ ಈಚೆಗೆ ತೆಗೆಯುವಾಗ ದವಡೆಹಲ್ಲು ತಗುಲಿ ಚಿಕ್ಕಹನುಮಯ್ಯನ ಮಣಿಕಟ್ಟು ತರಚಿತು. ಗುರುಪಾದಪ್ಪನ ಬೆರಳಿನಲ್ಲೂ ಹಗ್ಗ ಉಜ್ಜಿದ ಗಾಯವಿತ್ತು, ಜೊಲ್ಲು ಅಂಗಿಯನ್ನೆಲ್ಲ ನೆನೆಸಿತ್ತು. ಇಬ್ಬರೂ ಸೋಪು ಹಾಕಿ ತೊಳೆದುಕೊಂಡರು.

ಸಂಜೆ ಬಂದ ಡಾಕ್ಟರು ಹಸುವನ್ನು ದೂರದಿಂದ ನೋಡಿಯೇ ಬಿಳಿಚಿಕೊಂಡರು. ಅದಕ್ಕೆ ಹುಚ್ಚುನಾಯಿ ಕಚ್ಚಿತ್ತು. ಮಾರನೆಯ ದಿನ ಸತ್ತಿತು.

"ಇಬ್ಬರೂ ನಾಳೆಯಿಂದಲೇ ಹೋಗಿ ಹೊಟ್ಟೆಗೆ ಇಂಜೆಕ್ಷನ್ ಹಾಕಿಸ್ಕೋಬೇಕು. ಹದಿನಾಲ್ಕು. ಒಂದೂ ತಪ್ಪಿಸೋ ಹಾಗಿಲ್ಲ" ಎಂದು ಡಾಕ್ಟರು ಹೇಳಿ ಚೀಟಿ ಬರೆದುಕೊಟ್ಟರು.

ಊರೊಳಗಿನ ದೊಡ್ಡಾಸ್ಪತ್ರೆಗೆ ದಿನವೂ ಬಸ್ಸಿನಲ್ಲಿ ಹೋಗಿ, ಸಾಲಿನಲ್ಲಿ ನಿಂತು, ಹೊಕ್ಕುಳ ಸುತ್ತ ಚುಚ್ಚಿಸಿಕೊಂಡು ಬರಬೇಕು. ಚುಚ್ಚಿದ ಜಾಗ ನಿಂಬೆಹಣ್ಣಿನಷ್ಟು ಊದಿ ಗಟ್ಟಿಯಾಗುತ್ತಿತ್ತು. ಆರನೆಯ ದಿನ ಚಿಕ್ಕಹನುಮಯ್ಯ ಕೈಯೆತ್ತಿದ. "ನನ್ ಕೈಲಿ ಆಗಾಕಿಲ್ಲಪ್ಪ. ನೆಟ್ಟಗೆ ಕುಂತ್ಕಳಕ್ ಆಗಲ್ಲ, ಬಗ್ಗಕ್ ಆಗಲ್ಲ. ತರಚಿದ್ ಗಾಯಕ್ಕೆ ಇಷ್ಟೊಂದ್ ಸೂಜಿನಾ?" ಗುರುಪಾದಪ್ಪ ಬೈದ, ಬೇಡಿಕೊಂಡ, ಒಂದು ದಿನ ಬಸ್‌ಸ್ಟಾಪಿನವರೆಗೆ ಎಳೆದುಕೊಂಡೂ ಹೋದ. ಚಿಕ್ಕಹನುಮಯ್ಯ ಹೋಗಲಿಲ್ಲ. ಅವನು ಇಂಜೆಕ್ಷನ್ ಹೊತ್ತಿನಲ್ಲಿ ಮೇವಿನ ಕೊಟ್ಟಿಗೆಯಲ್ಲಿ ಮಲಗಿರುತ್ತಿದ್ದ, ಗುರುಪಾದಪ್ಪ ಒಬ್ಬನೇ ಹೋಗಿ ಬರುತ್ತಿದ್ದ.

ಒಂಬತ್ತನೆಯ ದಿನ ಡಾಕ್ಟರು ಕೇಳಿದರು: "ಏನ್ರಪ್ಪಾ, ಇಬ್ಬರೂ ತಪ್ಪದೆ ಹೋಗ್ತಿದೀರಿ ತಾನೆ?"

ಚಿಕ್ಕಹನುಮಯ್ಯ ಡಾಕ್ಟರ ಬೆನ್ನ ಹಿಂದೆ ನಿಂತು ಗುರುಪಾದಪ್ಪನಿಗೆ ಕಣ್ಣು ಮಿಟುಕಿಸಿದ. ರಜೆ ಚೀಟಿಗೂ ತಡವಾಗಿ ಬಂದದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ಕಾಯ್ದುಕೊಂಡು ಬಂದವರು. ಅದೇ ಅಭ್ಯಾಸ ಬಲದಿಂದ ಗುರುಪಾದಪ್ಪ ಹೇಳಿಬಿಟ್ಟ: "ಹೌದ್ರಿ ಸರ, ಇಬ್ರೂ ಹೊಂಟೀವ್ರಿ."

ಮೇ ತಿಂಗಳಲ್ಲಿ ಚಿಕ್ಕಹನುಮಯ್ಯನ ಮಣಿಕಟ್ಟು ಜೋಮು ಹಿಡಿಯಿತು. ಗಾಯ ಮಾಸಿ ಎಷ್ಟೋ ದಿನವಾಗಿತ್ತು. ಅಲ್ಲಿ ಇರುವೆ ಹರಿದಾಡಿದ ಹಾಗಾಗುತ್ತೆ ಎಂದು ಕೆರೆದುಕೊಳ್ಳುತ್ತಿದ್ದ. ಎರಡು ದಿನ ನಿದ್ದೆ ಇಲ್ಲ ಎಂದ. ಮೂರನೆಯ ದಿನ ಹನ್ನೊಂದು ಗಂಟೆಗೆ ಹುಣಸೆ ಮರದ ಕೆಳಗೆ ಇಬ್ಬರೂ ಕಾಫಿ ಕುಡಿಯಲು ಕೂತರು. ಚಿಕ್ಕಹನುಮಯ್ಯ ಲೋಟ ತುಟಿಗೆ ತಂದ. ಕತ್ತಿನ ನರಗಳೆಲ್ಲ ಒಮ್ಮೆಗೇ ಎದ್ದು ನಿಂತವು. ಲೋಟ ಹಾರಿ ಬಿತ್ತು. ಅವನು ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡು, ಏನಾಯಿತೆಂದು ತಿಳಿಯದೆ, ಗುರುಪಾದಪ್ಪನ ಮುಖವನ್ನೇ ನೋಡಿದ.

ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಅವನು ಎರಡು ದಿನ ಬದುಕಿದ್ದ. ಹೆಂಡತಿ ಸೊಣ್ಣಮ್ಮನನ್ನು ಒಳಗೆ ಬಿಡಲಿಲ್ಲ, ಅವಳ ಕಂಕುಳಲ್ಲಿ ಕೂಸಿತ್ತು. ಒಳಗಿದ್ದವನು ಗುರುಪಾದಪ್ಪ. ಅಲ್ಲಿನ ಡಾಕ್ಟರಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಈ ರೋಗದ ಕ್ರೌರ್ಯ ಏನೆಂದರೆ ರೋಗಿಗೆ ನಡುನಡುವೆ ಪೂರ್ತಿ ಎಚ್ಚರವಿರುತ್ತದೆ. ಚಿಕ್ಕಹನುಮಯ್ಯ ನೀರು ಕೊಡು ಎಂದು ಅಳುತ್ತಿದ್ದ. ತಂದರೆ, ಲೋಟ ಕಂಡ ಕೂಡಲೇ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. "ಗುರುಪಾದಣ್ಣ, ಬಾಗ್ಲಾಕಣ್ಣ, ಗಾಳಿ ಬತ್ತೈತೆ" ಎನ್ನುತ್ತಿದ್ದ. ಬಾಗಿಲು ಹಾಕಿಯೇ ಇತ್ತು; ಈ ರೋಗದಲ್ಲಿ ಗಾಳಿ ಸೋಕಿದರೂ ಗಂಟಲು ಬಿಗಿಯುತ್ತದೆ. ಎರಡನೆಯ ದಿನ ಮಧ್ಯಾಹ್ನ ಸ್ವಲ್ಪ ಸಮಾಧಾನವಾದಾಗ, "ನಿಂಗೇನೂ ಆಗಾಕಿಲ್ಲ ಬಿಡು. ನೀನು ಅದಿನಾಲ್ಕೂ ಆಕಿಸ್ಕಂಡಿದೀಯ" ಎಂದನಂತೆ. ಅದೇ ಅವನ ಕೊನೆಯ ನೆಟ್ಟಗಿನ ಮಾತು. ಸಂಜೆ ಐದಕ್ಕೆ ಮುಗಿಯಿತು.

ಗುರುಪಾದಪ್ಪ ಮೂರು ದಿನ ರಜೆ ಹಾಕಿ ಕೆಲಸಕ್ಕೆ ಬಂದ. ಮಾತು ಕಡಿಮೆಯಾಗಿತ್ತು. ಮಧ್ಯಾಹ್ನ ರೊಟ್ಟಿಯ ಬುತ್ತಿ ಬಿಚ್ಚಿ ಹಾಗೇ ಕಟ್ಟಿಬಿಡುತ್ತಿದ್ದ. ದುಃಖ ಎಂದುಕೊಂಡೆವು. ಅದು ಹೋಗುತ್ತೆ ಎಂದೂ ಎಂದುಕೊಂಡೆವು.

ಅಕ್ಟೋಬರ್‌ನಲ್ಲಿ ಒಂದು ದಿನ ಹೆಬ್ಬಾಳದ ಹೋಟೆಲಿನಲ್ಲಿ ನಾನೂ ಅವನೂ ಟೀ ಕುಡಿಯುತ್ತಿದ್ದೆವು. ಒಂದು ಗುಟುಕು ಅಡ್ಡ ಬಂದು ಅವನು ಕೆಮ್ಮಿದ. ಯಾರಿಗಾದರೂ ಆಗುವಂಥದ್ದು. ಆದರೆ ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಮೇಜು ಹಿಡಿದುಕೊಂಡ. ಏದುಸಿರು ಬಿಡತೊಡಗಿದ. ಅಂಗಿ ಒಂದೇ ನಿಮಿಷದಲ್ಲಿ ಬೆವರಿನಿಂದ ಒದ್ದೆ.

"ಬಂತ್ರಿ. ಪಂಚಪ್ಪಾರ, ಬಂತ್ರಿ ಅದು. ಬೆರಳು ಜುಮುಜುಮು ಅನ್ನಾಕತ್ತಾವ್ರಿ."

ಹೋಟೆಲಿನವರು ನೀರು ತಂದರು. ಲೋಟ ಕಂಡು ಅವನು ಕೂಗಿದ ಕೂಗಿಗೆ ರಸ್ತೆಯ ಜನ ನಿಂತು ನೋಡಿದರು. ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆ. ಅಲ್ಲಿಗೆ ಹೋಗುವ ಹೊತ್ತಿಗೆ ಅರ್ಧ ಇಳಿದಿತ್ತು. ಡ್ಯೂಟಿ ಡಾಕ್ಟರ್ ಒಬ್ಬ ಹುಡುಗ. ಎಲ್ಲ ಕೇಳಿಸಿಕೊಂಡು, ಒಂದು ಲೋಟ ನೀರು ತರಿಸಿ, "ಕುಡೀರಿ" ಎಂದ. ಗುರುಪಾದಪ್ಪ ಕಣ್ಣು ಮುಚ್ಚಿ ಕುಡಿದ. ಪೂರ್ತಿ ಇಳಿಯಿತು.

"ಆ ಕಾಯಿಲೆ ಆಗಿದ್ರೆ ಒಂದು ಹನೀನೂ ಇಳೀತಿರ್ಲಿಲ್ಲ. ನಿಮಗೇನೂ ಇಲ್ಲ, ಹೋಗಿ" ಎಂದ ಆ ಡಾಕ್ಟರ್.

ಅವನು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಅಂದಿನಿಂದ ನೀರು ಗುರುಪಾದಪ್ಪನಿಗೆ ಪರೀಕ್ಷೆಯಾಯಿತು. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ. ಇಳಿದರೆ ಇವತ್ತಿಲ್ಲ ಎಂದು ಅರ್ಥ. ಆಮೇಲೆ ಗಂಟೆಗೊಂದು ಲೋಟ. ಒಂದು ಮಧ್ಯಾಹ್ನ ನಾನು ಕೊಟ್ಟಿಗೆಯ ಹಿಂದೆ ಹೋದಾಗ ಅವನು ಗೋಡೆಗೆ ಒರಗಿ, ಹಳೆಯ ರಿಜಿಸ್ಟರಿನ ರಟ್ಟಿನಿಂದ ತನ್ನ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತಿದ್ದ. ಸೆಖೆಯಿರಲಿಲ್ಲ. ಗಾಳಿಗೆ ಗಂಟಲು ಬಿಗಿಯುತ್ತದೆಯೋ ಎಂದು ನೋಡಿಕೊಳ್ಳುತ್ತಿದ್ದ. ಹುಡುಕಿದರೆ ಸಿಗದೆ ಇರುತ್ತದೆಯೇ? ಅಷ್ಟು ಗಮನ ಕೊಟ್ಟರೆ ಯಾರ ಗಂಟಲೂ ಬಿಗಿಯುತ್ತದೆ. ಬಿಗಿದ ಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು, ಕೈ ಜೋಮು ಹಿಡಿಯುತ್ತಿತ್ತು. ಹತ್ತು, ಹದಿನೈದು ನಿಮಿಷ. ಆಮೇಲೆ ಹಿಂಡಿದ ಬಟ್ಟೆಯ ಹಾಗೆ ಬಿದ್ದಿರುತ್ತಿದ್ದ.

ನಾಯಿಯನ್ನು ಯಾರಾದರೂ ಆಸ್ಪತ್ರೆಗೆ ತಂದರೆ ಬರುತ್ತಿತ್ತು. ಡೆಟಾಲ್ ವಾಸನೆಗೆ ಬರುತ್ತಿತ್ತು. ಯಾರೋ ಜೋರಾಗಿ ಬಾಗಿಲು ಹಾಕಿದರೆ, ಚಿಕ್ಕಹನುಮಯ್ಯನ ಬಾಗಿದ ಮೈ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಇಷ್ಟು ನಮಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಇದ್ದದ್ದು ಬೇರೆ. ಏನೂ ನೆಪವಿಲ್ಲದೆ, ರೇಷನ್ ಅಂಗಡಿಯ ಸಾಲಿನಲ್ಲಿ, ಕ್ಷೌರಿಕನ ಕುರ್ಚಿಯಲ್ಲಿ, ಮಗಳ ಲೆಕ್ಕದ ಪುಸ್ತಕ ನೋಡುತ್ತ ಕೂತಿದ್ದಾಗ ಕೂಡ ಅದು ಬರತೊಡಗಿತು. ಒಮ್ಮೆ ಬಿ.ಟಿ.ಎಸ್. ಬಸ್ಸಿನಲ್ಲಿ ಬಂತು. ಬಸ್ಸು ತುಂಬಿತ್ತು, ಇಳಿಯಲು ಆಗಲಿಲ್ಲ. ಅಲ್ಲಿಂದ ಮುಂದೆ ಅವನು ಬಸ್ಸು ಹತ್ತಲಿಲ್ಲ. ಆಮೇಲೆ ಸಾಲಿನಲ್ಲಿ ನಿಲ್ಲಲಿಲ್ಲ. ಕ್ಷೌರವನ್ನು ಚನ್ನಕ್ಕನೇ ಕತ್ತರಿಯಿಂದ ಮಾಡುತ್ತಿದ್ದಳು. ಬರುವುದಕ್ಕಿಂತ ಬಂದೀತು ಎನ್ನುವ ಭಯವೇ ದೊಡ್ಡದಾಯಿತು.

ದನ ಹಿಡಿಯಲು ಅವನ ಕೈಗೆ ಆಗಲಿಲ್ಲ. ಅವನ ನಡುಕ ಅವಕ್ಕೂ ತಿಳಿಯುತ್ತಿತ್ತೋ ಏನೋ, ಅವನು ಮುಟ್ಟಿದರೆ ಬೆದರುತ್ತಿದ್ದವು. ಡಾಕ್ಟರು ಅವನನ್ನು ಚೀಟಿ ಕೊಡುವ ಮೇಜಿಗೆ ಹಾಕಿದರು.

ಮನೆಯಲ್ಲಿ ಏನಾಗುತ್ತಿದೆ ಎಂದು ನನಗೆ ಗೊತ್ತಾದದ್ದು ಚನ್ನಕ್ಕ ಒಂದು ದಿನ ಆಸ್ಪತ್ರೆಯವರೆಗೆ ಬಂದು ಅತ್ತಾಗ.

"ಏನ್ ಮಾಡ್ಲಿ ಅಣ್ಣಾರ? ತಮ್ಮ ಗಂಗಾಳ ಬ್ಯಾರೆ, ತಂಬಿಗಿ ಬ್ಯಾರೆ ಮಾಡ್ಕೊಂಡಾರ. ಮಗಳ್ನ ಹತ್ರ ಬಿಟ್ಕೊಳ್ಳಂಗಿಲ್ಲ. ಆಕಿ ಅಪ್ಪಾ ಅಂತ ಬಂದ್ರ ದೂರ ಸರಿ ಅಂತ ದಬ್ಬತಾರ. ಮೊನ್ನಿ ಬಡಿಗ್ಯಾರ್ನ ಕರ್ಕೊಂಬಂದು ಖೋಲಿ ಬಾಗಲಕ್ಕ ಹೊರಗಿಂದ ಚಿಲಕ ಹಾಕ್ಸ್ಯಾರ. ನಾ ಕಚ್ಚಾಕ ಬಂದ್ರ ಒಳಗ ಹಾಕಿ ಚಿಲಕ ಹಾಕು, ಎಷ್ಟ್ ಕೂಗಿದ್ರೂ ತಗೀಬ್ಯಾಡ ಅಂತಾರ. ಹೆಂಗ ಬಾಳೇವು ಮಾಡ್ಲಿ?"

ತಾಯಿತ ಕಟ್ಟಿಸಿದಳು. ಊರಿನ ಸ್ವಾಮಿಗಳ ಹತ್ತಿರ ವಿಭೂತಿ ತರಿಸಿದಳು. ಆರ್.ಟಿ. ನಗರದ ಒಬ್ಬ ಡಾಕ್ಟರು ಹೃದಯದ ಇ.ಸಿ.ಜಿ. ಪಟ್ಟಿ ತೆಗೆದು ನೋಡಿ ಗ್ಯಾಸ್ ಎಂದರು. ಇನ್ನೊಬ್ಬರು ನಿಶ್ಶಕ್ತಿ ಎಂದು ಟಾನಿಕ್ ಬರೆದರು. ಗಲ್ಲಿಯ ಜನ ಅವನ ಮೈಮೇಲೆ ಚಿಕ್ಕಹನುಮಯ್ಯ ಬರುತ್ತಾನೆ ಎಂದರು. ಇದು ಒಂದೆರಡು ವರ್ಷವಲ್ಲ, ಎಂಟು ವರ್ಷ ನಡೆಯಿತು. ಓದುವವರಿಗೆ ಎಂಟು ವರ್ಷ ಎಂದರೆ ಒಂದು ಸಾಲು. ಆ ಮನೆಯಲ್ಲಿ ಒಂದು ಹುಡುಗಿ ಹತ್ತರಿಂದ ಹದಿನೆಂಟಕ್ಕೆ ಬೆಳೆದಳು, ಅಪ್ಪ ಅವಳ ತಲೆಯ ಮೇಲೆ ಒಮ್ಮೆಯೂ ಕೈಯಿಡಲಿಲ್ಲ.

೧೯೮೪ರ ಮೇ ತಿಂಗಳಲ್ಲಿ ನೀಲಾಳ ಮದುವೆ ಗೊತ್ತಾಯಿತು. ಗಂಡಿನ ಮನೆ ಗದಗ, ಮದುವೆ ನರಗುಂದದಲ್ಲಿ. ಹುಬ್ಬಳ್ಳಿಯವರೆಗೆ ರೈಲಿಗೆ ಟಿಕೆಟ್ ತೆಗೆಸಿದ್ದೆವು. ಯಶವಂತಪುರ ಸ್ಟೇಷನ್ನಿಗೆ ಅವನು ಬೆಳಿಗ್ಗೆಯೇ ನಡೆದುಕೊಂಡು ಬಂದಿದ್ದ. ಹೊಸ ಪಂಚೆ, ತಲೆಗೆ ಬಿಳಿ ರುಮಾಲು. ನಾನು ಬೀಳ್ಕೊಡಲು ಹೋಗಿದ್ದೆ. ರೈಲು ಬಂತು. ಚನ್ನಕ್ಕ, ನೀಲಾ ಹತ್ತಿ ಸಾಮಾನು ಒಳಗೆ ತೆಗೆದುಕೊಂಡರು. ಅವನು ಕಂಬಿ ಹಿಡಿದು ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಒಳಗೆ ಜನ ಕಿಕ್ಕಿರಿದಿದ್ದರು. ಅವನ ಬೆನ್ನು ನಡುಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು.

"ಬರ್ರಿ, ಕೈ ಕೊಡ್ರಿ" ಎಂದು ಚನ್ನಕ್ಕ ಕೈ ಚಾಚಿದಳು.

ಅವನು ಕಾಲು ಕೆಳಗಿಟ್ಟ. "ನೀವು ನಡೀರಿ. ನಾ ನಾಳೆ ಲಾರಿ ಹಿಡ್ದು ಬರ್ತೀನಿ" ಎಂದ. ಸೀಟಿ ಊದಿತು. ನೀಲಾ ಕಿಟಕಿಯಲ್ಲಿ ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ರೈಲು ಹೋದಮೇಲೆ ಅವನು ಪ್ಲಾಟ್‌ಫಾರ್ಮಿನ ಮೇಲೇ ಕುಕ್ಕರುಗಾಲಲ್ಲಿ ಕೂತು ರುಮಾಲು ಬಿಚ್ಚಿ ಮುಖಕ್ಕೆ ಹಿಡಿದುಕೊಂಡ.

ಮಾರನೆಯ ದಿನವೂ ಹೋಗಲಿಲ್ಲ. ಅಕ್ಕಿಕಾಳು ಬೀಳುವಾಗ ಅಪ್ಪನ ಜಾಗದಲ್ಲಿ ಸೋದರಮಾವ ನಿಂತ.

ಆಮೇಲೆಯೇ ನಾನು ಮಾನಸಿಕ ಆಸ್ಪತ್ರೆಯ ಮಾತೆತ್ತಿದ್ದು. "ನನಗ ಹುಚ್ಚ ಹಿಡ್ದೈತೇನ್ರಿ?" ಎಂದು ಅವನು ಕೇಳಿದ. ಗೊತ್ತಿಲ್ಲ, ಕೇಳಿಕೊಂಡು ಬರೋಣ ಬಾ ಎಂದೆ. ಬಸ್ಸು ಹತ್ತುವ ಹಾಗಿಲ್ಲವಲ್ಲ, ಬೆಳಿಗ್ಗೆ ಆರಕ್ಕೆ ಗಂಗಾನಗರದಿಂದ ಹೊರಟು ಮೇಖ್ರಿ ಸರ್ಕಲ್, ಕಬ್ಬನ್ ಪಾರ್ಕ್ ದಾಟಿ ಹೊಸೂರು ರಸ್ತೆಯವರೆಗೆ ನಡೆದೆವು. ಮೂರು ಗಂಟೆ ಹಿಡಿಯಿತು. ನನ್ನ ಚಪ್ಪಲಿ ಕಿತ್ತುಹೋಯಿತು.

ಅಲ್ಲಿ ನೋಡಿದವರು ಡಾಕ್ಟರ್ ದಿಲ್ಶಾದ್ ಎನ್ನುವ ಹೆಂಗಸು. ನಲವತ್ತರ ಆಸುಪಾಸು, ದಪ್ಪ ಕನ್ನಡಕ. ಮಾತು ಕಡಿಮೆ. ಮೊದಲ ದಿನ ಎರಡು ಗಂಟೆ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು:

"ಗುರುಪಾದಪ್ಪನವರೇ, ಅದು ಬರುವಾಗ ಮೊದಲು ಏನಾಗುತ್ತೆ? ಸ್ನೇಹಿತರ ಮುಖ ಕಾಣ್ಸುತ್ತಾ, ಇಲ್ಲ ಎದೆ ಹೊಡ್ಕೊಳ್ಳುತ್ತಾ?"

ಎಂಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವನಿಗೂ ಉತ್ತರ ಗೊತ್ತಿರಲಿಲ್ಲ. ಡಾಕ್ಟರು ಅವನಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದರು. ಮುಖ ಮೊದಲು ಕಂಡರೆ ಒಂದು ಗೆರೆ, ಎದೆ ಮೊದಲು ಹೊಡೆದುಕೊಂಡರೆ ಒಂದು ಸೊನ್ನೆ. ಒಂದು ತಿಂಗಳಾದ ಮೇಲೆ ಮತ್ತೆ ನಡೆದುಕೊಂಡು ಹೋದೆವು. ಗೆರೆಗಳೂ ಇದ್ದವು, ಸೊನ್ನೆಗಳು ಅದಕ್ಕಿಂತ ಹೆಚ್ಚಿದ್ದವು. ಕೆಲವು ಕಡೆ ಗೆರೆಯೂ ಸೊನ್ನೆಯೂ ಒಂದರ ಮೇಲೊಂದು ಗೀಚಿಹೋಗಿದ್ದವು.

"ಇದೇ ನೋಡಿ" ಎಂದರು ಅವರು. "ನಿಮಗಿರೋದು ಒಂದು ಕಾಯಿಲೆ ಅಲ್ಲ, ಎರಡು. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ. ಒಂದು, ಆಸ್ಪತ್ರೇಲಿ ನೋಡಿದ್ದು ಬಿಡದೆ ವಾಪಸ್ ಬರೋದು. ನಾಯಿ ಕಂಡ್ರೆ, ವಾಸನೆ ಬಂದ್ರೆ ನೀವು ಮತ್ತೆ ಆ ರೂಮಲ್ಲೇ ಇರ್ತೀರಿ. ಇನ್ನೊಂದಕ್ಕೆ ಕಾರಣ ಬೇಕಿಲ್ಲ, ಮೈ ಸುಮ್ಮಸುಮ್ಮನೆ ಹೆದರುತ್ತೆ. ಉಸಿರು ಜೋರಾಗುತ್ತೆ. ಉಸಿರು ಜೋರಾದ್ರೆ ಯಾರಿಗಾದ್ರೂ ಬೆರಳು ಜೋಮು ಹಿಡಿಯುತ್ತೆ. ಆದ್ರೆ ನಿಮಗೆ ಜೋಮು ಅಂದ್ರೆ ಚಿಕ್ಕಹನುಮಯ್ಯ. ಅಲ್ಲಿಗೆ ಎರಡೂ ಸೇರ್ಕೊಂಡುಬಿಡ್ತವೆ. ಒಂದು ಇನ್ನೊಂದನ್ನ ಸಾಕ್ತಾ ಇದೆ."

"ಹಂಗಾರ ನಂಗ ಆ ರೋಗ ಬರಂಗಿಲ್ಲೇನ್ರಿ?"

"ಬರಲ್ಲ. ನೀವು ಹದಿನಾಲ್ಕೂ ಹಾಕಿಸ್ಕೊಂಡಿದೀರಿ."

ಆ ಮಾತಿಗೆ ಅವನ ಮುಖ ಹಿಂಡಿದ ಹಾಗಾಯಿತು. ಡಾಕ್ಟರು ಅದನ್ನು ಗಮನಿಸಿದರು.

ಮಾತ್ರೆ ಕೊಟ್ಟರು. ಜೊತೆಗೆ, ಬಂದಾಗ ಓಡಬಾರದು, ನೀರು ಕುಡಿದು ನೋಡಬಾರದು, ಕೂತಲ್ಲೇ ಕೂತು ಉಸಿರನ್ನು ನಿಧಾನ ಮಾಡಬೇಕು ಎಂದು ಕಲಿಸಿದರು. ಎರಡು ತಿಂಗಳಲ್ಲಿ ಸೊನ್ನೆಗಳು ಇಳಿದವು. ನಾನು ಜೊತೆಗಿದ್ದು ಒಂದು ಸ್ಟಾಪು, ಆಮೇಲೆ ಮೂರು ಸ್ಟಾಪು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಡಿಸೆಂಬರಿನಲ್ಲಿ ಹೊಸೂರು ರಸ್ತೆಯವರೆಗೂ ಬಸ್ಸಿನಲ್ಲೇ ಹೋದೆವು. ಗೆರೆಗಳು ಮಾತ್ರ ಹಾಗೇ ಇದ್ದವು. ಮಾತ್ರೆಗೆ ಅವು ಬಗ್ಗಲಿಲ್ಲ.

ಡಾಕ್ಟರ್ ದಿಲ್ಶಾದ್ ಅವನಿಂದ ಆ ಕಥೆಯನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳಿಸುತ್ತಿದ್ದರು. ನಾನು ಹೊರಗೆ ಹೋಗುತ್ತೇನೆ ಎಂದರೆ ಅವನು ಬಿಡುತ್ತಿರಲಿಲ್ಲ. ಹೇಳುವಾಗ ಅವನು ಆರನೆಯ ಇಂಜೆಕ್ಷನ್ನಿನಿಂದ ನೇರವಾಗಿ ಮೇ ತಿಂಗಳಿಗೆ ಹಾರುತ್ತಿದ್ದ. ನಾಲ್ಕನೆಯ ಸಲವೋ ಐದನೆಯ ಸಲವೋ ಅವರು ಕೇಳಿದರು: "ನಡುವೆ ಎರಡೂವರೆ ತಿಂಗಳಿದೆಯಲ್ಲ? ಅಲ್ಲೇನಾಯ್ತು?"

ಅವನು ಕ್ಯಾಲೆಂಡರನ್ನು ಮಡಚಿ ಮೇಜಿನ ಮೇಲಿಟ್ಟ. ಆಮೇಲೆ ಹೇಳಿದ. ಒಂಬತ್ತನೆಯ ದಿನ ದನದ ಡಾಕ್ಟರು ಕೇಳಿದ್ದು, ತಾನು ಹೌದ್ರಿ ಎಂದದ್ದು. "ಅವತ್ತ ನಾ ಇಲ್ಲ ಅಂದಿದ್ರ ಸರು ಅವನ ಕಿವಿ ಹಿಂಡಿ ಕಳಸ್ತಿದ್ರು. ಇನ್ನೂ ವ್ಯಾಳ್ಯಾ ಇತ್ತು. ನಾನ ಕೊಂದೆ ಅವನ್ನ" ಎಂದು ಎರಡೂ ಕೈಯಿಂದ ತಲೆ ಚಚ್ಚಿಕೊಂಡ.

ನನಗೆ ಆ ಕೋಣೆಯಲ್ಲಿ ಕುಳಿತಿರಲು ಆಗಲಿಲ್ಲ. ಏಕೆಂದರೆ ಅಂದು ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರು ಆ ಪ್ರಶ್ನೆ ಕೇಳಿದಾಗ ನಾನು ಔಷಧಿ ಬೀರುವಿನ ಪಕ್ಕದಲ್ಲೇ ನಿಂತಿದ್ದೆ. ಚಿಕ್ಕಹನುಮಯ್ಯ ಕೊಟ್ಟಿಗೆಯಲ್ಲಿ ಮಲಗಿರುವುದನ್ನು ನಾನು ಮೂರು ದಿನ ಕಣ್ಣಾರೆ ನೋಡಿದ್ದೆ. ನಮ್ಮವನನ್ನು ಬೈಸುವುದೇಕೆ ಎಂದು ಸುಮ್ಮನಿದ್ದೆ. ಹಸುವಿನ ಬಾಯಿಗೆ ಕೈ ಹಾಕಿ ಎಂದವನೂ ನಾನೇ.

ಅಂದು ವಾಪಸ್ ಬರುವಾಗ ಬಸ್ಸಿನಲ್ಲಿ ಅವನಿಗೆ ಇದನ್ನು ಹೇಳಿದೆ. ನನಗೂ ಗೊತ್ತಿತ್ತು ಗುರುಪಾದಪ್ಪ ಎಂದೆ. ಮೇಖ್ರಿ ಸರ್ಕಲ್ ಬಂದಮೇಲೆ ಅವನು ಕೇಳಿದ:

"ನಿಮಗ ಹಂಗ ಏನೂ ಆಗಂಗಿಲ್ಲೇನ್ರಿ? ಎದಿ ಹೊಡ್ಕೊಳ್ಳೂದು, ಕಣ್ಮುಂದ ಬರೂದು?"

"ಇಲ್ಲ" ಎಂದೆ. ಅದು ನಿಜ. ನನಗೆ ನಿದ್ದೆ ಬರುತ್ತದೆ.

"ಛಲೋ ಆತು ಬಿಡ್ರಿ" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವನಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಅದನ್ನೇ ನಾನು ಇವತ್ತಿಗೂ ತಡೆದುಕೊಳ್ಳಲಾರೆ.

ಮುಂದಿನ ಭಾನುವಾರ ಅವನು ಶೆಟ್ಟಿಹಳ್ಳಿಗೆ ಹೋಗಬೇಕೆಂದ. ಇಷ್ಟು ವರ್ಷವೂ ಅವನು ತಿಂಗಳಿಗೊಮ್ಮೆ ಅಲ್ಲಿಗೆ ನಡೆದು ಹೋಗಿ ಸೊಣ್ಣಮ್ಮನ ಎರಡು ಹಸುಗಳಿಗೆ ಬೇಕಾದ ಔಷಧಿಯನ್ನು ಅವಳ ಕೈಗೆ ಕೊಟ್ಟು ಬರುತ್ತಿದ್ದ. ಹಾಲು ಮಾರಿ ಅವಳು ಮಕ್ಕಳನ್ನು ಸಾಕುತ್ತಿದ್ದಳು. ಈ ಸಲ ನಾನೂ ಹೋದೆ. ಅವಳು ಅಂಗಳದಲ್ಲಿ ಬೆರಣಿ ತಟ್ಟುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ. ನಾನು ಬೇಲಿಯ ಹತ್ತಿರ ನಿಂತಿದ್ದೆ.

ಸೊಣ್ಣಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಗಂಡ ಎಲ್ಲ ಇಂಜೆಕ್ಷನ್ನೂ ಹಾಕಿಸಿಕೊಂಡಿದ್ದ, ಆದರೂ ಹಣೆಬರಹ ಎಂದೇ ಅವಳು ತಿಳಿದಿದ್ದಳು. ಅರ್ಥವಾದ ಮೇಲೆ ಸಗಣಿ ಕೈಯಲ್ಲೇ ಎದ್ದು ನಿಂತಳು.

"ನೀನ್ ಒಂದ್ ಮಾತ್ ನಂತಾವ ಯೋಳಿದ್ರೆ ನಾನೇ ಕಾಲ್ ಕಟ್ಟಿ ಎಳ್ಕಂಡೋಗ್ತಿದ್ನಲ್ಲೋ! ಒಂಬತ್ ವರ್ಸದಿಂದ ಬತ್ತಿದೀಯ. ನಮ್ ಅಸೂಗ್ ಔಸ್ದಿ ಕೊಟ್ಟಿದ್ದು ಇದ್ಕಾ? ಎಂಥಾ ಒಳ್ಳೇವ್ನು ಅಂತ ನನ್ ಮಕ್ಕಳ್ಗೆ ನಿನ್ ಕಾಲ್ ಮುಟ್ಟಿಸ್ತಿದ್ನಲ್ಲೋ. ಓಗು. ಇನ್ನೊಂದ್ಸಲ ನಮ್ ಬಾಗ್ಲಿಗೆ ಬರ್ಬ್ಯಾಡ."

ಅವನು ನೆಲಕ್ಕೆ ಬಿದ್ದು ಅವಳ ಕಾಲು ಹಿಡಿಯಲು ಹೋದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬೇಲಿಯ ಹತ್ತಿರವೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಹೇಳಿಬಿಟ್ಟರೆ ಹಗುರಾಗುತ್ತದೆ ಎನ್ನುತ್ತಾರೆ. ಅವನಿಗೆ ಹಾಗೆ ಆಗಲಿಲ್ಲ. ವಾರವಿಡೀ ಹಾಸಿಗೆ ಬಿಟ್ಟು ಏಳಲಿಲ್ಲ. ಸೊನ್ನೆಗಳು ಹಿಂತಿರುಗಿದವು. ಡಾಕ್ಟರ್ ದಿಲ್ಶಾದ್ ಕೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನನ್ನ ಒಂದು ಮಾತು ಕೇಳ್ಬೇಕಿತ್ತು. ಸೊಣ್ಣಮ್ಮನೂ ಗಾಯ ಆದವರು. ಸ್ವಲ್ಪ ತಡೀಬೇಕಿತ್ತು" ಎಂದರು. ಮಾತ್ರೆ ಹೆಚ್ಚಿಸಿದರು. ಮತ್ತೆ ಮೊದಲಿನಿಂದ, ಒಂದು ಸ್ಟಾಪು, ಮೂರು ಸ್ಟಾಪು.

ಆಮೇಲಿ‌ನ ಮೂರು ವರ್ಷ ಏರಿಳಿತದಲ್ಲೇ ಹೋಯಿತು. ನೀಲಾ ಹೆರಿಗೆಗೆ ತವರಿಗೆ ಬಂದಳು. ಒಂದು ಮಧ್ಯಾಹ್ನ ಚನ್ನಕ್ಕ ಕೂಸನ್ನು ಅವನ ತೊಡೆಯ ಮೇಲೆ ಹಾಕಿ ಅಡಿಗೆಮನೆಗೆ ಹೋಗಿಬಿಟ್ಟಳಂತೆ, ಬೇಕೆಂದೇ. ಅವನು ಕೂಗಲಿಲ್ಲ, ಕೂಸನ್ನು ಕೆಳಗಿಡಲಿಲ್ಲ. ಬೆವರು ಸುರಿಸುತ್ತ ಅರ್ಧ ಗಂಟೆ ಹಾಗೇ ಕೂತಿದ್ದ. ನೀಲಾ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಅಪ್ಪನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮದುವೆಯ ಫೋಟೋಗಳನ್ನು ಮಾತ್ರ ಆ ಮನೆಗೆ ಯಾವತ್ತೂ ತರಲಿಲ್ಲ.

೧೯೮೮ರಲ್ಲಿ ಅವನು ಅವಧಿಗೆ ಮೊದಲೇ ನಿವೃತ್ತಿ ಬರೆದುಕೊಟ್ಟ. ಗಂಗಾನಗರದ ಮನೆ ಖಾಲಿ ಮಾಡಿ, ಪಾತ್ರೆ ಪಡಗದ ಜೊತೆ ತೆರೆದ ಲಾರಿಯ ಹಿಂದೆ ಕೂತು ನರಗುಂದಕ್ಕೆ ಹೋದ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅವನು ಟವೆಲಿನಿಂದ ಬಾಯಿ ಮೂಗು ಸುತ್ತಿಕೊಂಡಿದ್ದ. ಲಾರಿ ಹೊರಟಾಗ ಕೈಯೆತ್ತಿದ.

ಅಲ್ಲಿಂದ ಎರಡು ಕಾಗದ ಬಂದವು. ತವರಿಗೆ ಬಂದಿದ್ದ ನೀಲಾಳ ಅಕ್ಷರ, ಅವನ ಮಾತು. ಪಕ್ಕದ ಮನೆಯ ಆಕಳು ಈಯುವಾಗ ನಾನೇ ಕರು ಹಿಡಿದೆ, ಆದರೆ ನಾಯಿ ಬೊಗಳಿದ್ದಕ್ಕೆ ಅರ್ಧಕ್ಕೇ ಬಿಟ್ಟು ಓಡಿಬಂದೆ, ಉಳಿದದ್ದನ್ನು ಬೇರೆಯವರು ಮಾಡಿದರು ಎಂದು ಒಂದರಲ್ಲಿ ಬರೆಸಿದ್ದ. ಎರಡನೆಯದರಲ್ಲಿ, ತಿಂಗಳಿಗೆ ನಾಲ್ಕೈದು ಸಲ ಬರುತ್ತದೆ, ಚಿಕ್ಕಹನುಮಯ್ಯ ದಿನವೂ ಬರುತ್ತಾನೆ, ಮಾತ್ರೆ ಇಲ್ಲಿ ಸಿಗುವುದಿಲ್ಲ ಎಂದಿತ್ತು.

ಡಾಕ್ಟರ್ ದಿಲ್ಶಾದ್ ಚೀಟಿ ಬರೆದುಕೊಡುತ್ತಾರೆ. ಎರಡು ತಿಂಗಳಿಗೊಮ್ಮೆ ನಾನು ಮಾತ್ರೆ ಕೊಂಡು, ಮೆಜೆಸ್ಟಿಕ್ಕಿನಲ್ಲಿ ನರಗುಂದದ ಬಸ್ಸಿನ ಡ್ರೈವರ್ ಕೈಗೆ ಪೊಟ್ಟಣ ಕೊಟ್ಟು, ಅದು ಹೊರಡುವವರೆಗೆ ಅಲ್ಲೇ ನಿಂತಿದ್ದು ಬರುತ್ತೇನೆ.